ಜೂರಾಕಾನ್ ಅವರ ಉಪ್ಪುನೀರಿನ ಬಟ್ಟಲು

ಬೆಳಗಿನ ಆರು ಗಂಟೆ. ನರೀನ್ ಪಟ್ಟಣದ ಮೂಳೆ ಆಸ್ಪತ್ರೆಯ ನೆಲಮಾಳಿಗೆ. ಸಲಕರಣೆ ತೊಳೆಯುವ ಕೋಣೆಯಲ್ಲಿ ಜೂರಾಕಾನ್ ಮುರಿದ ಮೂಳೆ ಜೋಡಿಸುವ ಒಂದು ಪ್ಲೇಟು, ಒಂದು ಸ್ಕ್ರೂ ಎರಡನ್ನೂ ಉಪ್ಪುನೀರಿನ ಬಟ್ಟಲಲ್ಲಿ ಅದ್ದಿ, ಎರಡಕ್ಕೂ ತಂತಿ ಸಿಕ್ಕಿಸಿ, ಹಳೆಯ ಮೀಟರಿನ ಮುಳ್ಳನ್ನೇ ನೋಡುತ್ತಿದ್ದಾರೆ. ಮುಳ್ಳು ಅಲ್ಲಾಡದಿದ್ದರೆ ಎರಡೂ ಒಂದೇ ಲೋಹ. ಅಲ್ಲಾಡಿತೋ, ಆ ಪೆಟ್ಟಿಗೆ ಆಪರೇಷನ್ನಿಗೆ ಹೋಗುವುದಿಲ್ಲ.

“ರಕ್ತ ಅಂದ್ರೂ ಉಪ್ಪುನೀರೇ ಅಲ್ವಾ,” ಎನ್ನುತ್ತಾರೆ. “ಸ್ಟೀಲು, ಟೈಟಾನಿಯಂ ಎರಡೂ ಒಳಗೆ ತಾಗ್ಕೊಂಡು ಕೂತ್ರೆ ಮೂಳೇನೇ ಬ್ಯಾಟರಿ ಆಗುತ್ತೆ. ಒಂದು ಇನ್ನೊಂದನ್ನ ತಿನ್ನುತ್ತೆ. ಸುತ್ತ ಮಾಂಸ ಕಪ್ಪಾಗುತ್ತೆ.”

ತಾವು ಕೆಲಸಕ್ಕಿದ್ದ ಮೀಟರು ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಬಂದವರು, ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಹದಿನೈದು ಪೆಟ್ಟಿಗೆ, ನೂರಕ್ಕೂ ಹೆಚ್ಚು ಸ್ಕ್ರೂ. ಪ್ಲೇಟು, ಸ್ಕ್ರೂಗಳನ್ನು ರೋಗಿಯ ಮನೆಯವರೇ ಪೇಟೆಯಿಂದ ತರುತ್ತಾರೆ. ಯಾರ ಚೀಲದಲ್ಲಿ ಏನಿದೆಯೋ ದೇವರೇ ಬಲ್ಲ. “ಅಕ್ಕಾ, ಇವತ್ತು ಏನು ಸಾರು?” ಎಂದು ಡಾಕ್ಟರುಗಳು ಬಟ್ಟಲು ನೋಡಿ ಕಿಚಾಯಿಸುತ್ತಾರೆ.

ಅಷ್ಟರಲ್ಲಿ ಬಾಗಿಲಲ್ಲಿ ಬತ್ಮಾ. ಕುದುರೆಯಿಂದ ಬಿದ್ದು ನಿನ್ನೆ ತೊಡೆಗೆ ಪ್ಲೇಟು ಹಾಕಿಸಿಕೊಂಡ ಕುಬಾತನ ತಾಯಿ. ಕರವಸ್ತ್ರ ಬಿಚ್ಚಿ ಒಂದು ಹೊಸ ಸ್ಕ್ರೂ ಚಾಚುತ್ತಾರೆ.

“ತಗೋಮ್ಮ, ಇದೊಂದು ಉಳೀತು. ಇದರ ಬದಲು ಅವರಪ್ಪನ ಕಾಲಿಂದ ತೆಗೆದಿದ್ದ ಸ್ಕ್ರೂ ಪೆಟ್ಟಿಗೇಲಿ ಇಟ್ಟಿದ್ದೆ. ಹನ್ನೆರಡು ವರ್ಷ ಅದು ಕಾಲಲ್ಲಿದ್ರೂ ಕುದುರೆ ಏರೋದು ಬಿಟ್ಟೋರಲ್ಲ. ಆ ಗಟ್ಟಿತನ ಮಗನಿಗೂ ಬರ್ಲಿ ಅಂತ.”

ಜೂರಾಕಾನ್ ಹೊಸ ಸ್ಕ್ರೂ ತೆಗೆದುಕೊಳ್ಳುತ್ತಾರೆ. ಹಳೆಯ ಕಾಲದ ಸ್ಕ್ರೂಗಳೆಲ್ಲ ಸ್ಟೀಲು, ಕುಬಾತನ ಪ್ಲೇಟು ಟೈಟಾನಿಯಂ. ನಿನ್ನೆ ಪೆಟ್ಟಿಗೆ ತಡವಾಗಿ ಬಂದಿತ್ತು. ಎಂಟು ಸ್ಕ್ರೂ ಎಣಿಸಿ, ಹಬೆಯಲ್ಲಿಟ್ಟು ಕಳಿಸಿದ್ದರು. ಬಟ್ಟಲಲ್ಲಿ ಅದ್ದಿರಲಿಲ್ಲ, ಇಷ್ಟು ವರ್ಷದಲ್ಲಿ ಮೊದಲ ಸಲ.

ಹೇಳದಿದ್ದರೆ ಯಾರಿಗೂ ಗೊತ್ತಾಗದು. ಹೇಳಿದರೆ ಕೆಲಸ ಉಳಿಯುವ ಖಾತ್ರಿಯಿಲ್ಲ. ಹೊಸ ಸ್ಕ್ರೂ ಹಿಡಿದು ಮೆಟ್ಟಿಲು ಹತ್ತಿ ಡಾಕ್ಟರ ಕೋಣೆಗೆ ಹೋಗುತ್ತಾರೆ.

“ತಪ್ಪು ನಂದು, ಡಾಕ್ಟ್ರೇ. ಕುಬಾತನ ಪೆಟ್ಟಿಗೇಲಿ ಒಂದು ಸ್ಟೀಲ್ ಸ್ಕ್ರೂ ಸೇರ್ಕೊಂಡಿತ್ತು, ನೋಡದೆ ಕಳಿಸ್ಬಿಟ್ಟೆ.”

“ಒಂದು ಸ್ಕ್ರೂಗೋಸ್ಕರ ಮತ್ತೆ ಕಾಲು ಕೊಯ್ಯೋದಾ ಅಕ್ಕಾ?” ಸರ್ಜನ್ ಎರ್ಮೆಕ್ ರೇಗುತ್ತಾರೆ. “ನಿಮ್ಮ ಸಾರು ನಿಮ್ಮ ತಲೆಗೇರಿದೆ.”

“ಎಕ್ಸ್‌ರೇ ನೋಡಿ. ಸ್ಟೀಲು ಜಾಸ್ತಿ ಬೆಳ್ಳಗೆ ಕಾಣುತ್ತೆ.”

ಕಿಟಕಿಯ ಬೆಳಕಿಗೆ ಹಿಡಿದ ಚಿತ್ರದಲ್ಲಿ ಏಳು ಸ್ಕ್ರೂ ಮಬ್ಬು ಮಬ್ಬು. ಕೆಳಗಿನಿಂದ ಮೂರನೆಯದು ಅಚ್ಚ ಬಿಳಿ. ಎರ್ಮೆಕ್ ಚಿತ್ರ ಕೆಳಗಿಡುತ್ತಾರೆ. ಆಮೇಲೆ ಹೊಸ ಸ್ಕ್ರೂಗಾಗಿ ಕೈ ಚಾಚುತ್ತಾರೆ.

“ಇರಿ,” ಎನ್ನುತ್ತಾರೆ ಜೂರಾಕಾನ್. “ಮೊದಲು ಅದ್ದಿ ನೋಡ್ತೀನಿ.”

ಕೆಳಗೆ ಬಂದು ಅದನ್ನು ಟೈಟಾನಿಯಂ ಪ್ಲೇಟೊಂದರ ಜೊತೆ ಅದ್ದುತ್ತಾರೆ. ಮುಳ್ಳು ಅಲ್ಲಾಡುವುದಿಲ್ಲ. ಹಬೆಯಲ್ಲಿಟ್ಟು ಮೇಲೆ ಕಳಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಸ್ಕ್ರೂ ಹೊರಬಂದಿದೆ. ಕೆಲಸದ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲ, ಕೇಳುವ ಧೈರ್ಯ ಜೂರಾಕಾನ್ ಅವರಿಗೂ ಇಲ್ಲ. ಸ್ಕ್ರೂ ತೊಳೆದು, ಒರೆಸಿ, ಅಳುತ್ತಾ ಕೂತ ಬತ್ಮಾ ಅವರ ಕೈಗಿಡುತ್ತಾರೆ.

“ತಾಯತ ಮಾಡಿ ಮಗನ ಕೊರಳಿಗೆ ಕಟ್ಟಿ, ಅಮ್ಮ. ಅಪ್ಪನ ಬಲ ಅಲ್ಲಿಂದಾನೂ ಕಾಲಿಗೆ ಇಳಿಯುತ್ತೆ.”