ವಿರಾಮದ ನಂತರದ ದೆವ್ವ

ಮೊನ್ನೆ ಸಂಜೆ ಮೊಮ್ಮಗಳು ಫೋನಿನಲ್ಲಿ ಒಂದು ದೆವ್ವದ ಸಿನಿಮಾ ನೋಡಿ ಮುಗಿಸಿದಳು. ನೋಡಿದಳು ಎನ್ನುವುದಕ್ಕಿಂತ, ದಿಂಬಿನ ಹಿಂದೆ ಮುಖ ಮುಚ್ಚಿಕೊಂಡು ಅದು ಮುಗಿಯುವವರೆಗೆ ಕಾದಳು ಎನ್ನುವುದೇ ಸರಿ. ಮುಗಿದ ಕೂಡಲೇ ಫೋನು ಅವಳನ್ನು ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ಅವಳು ಫೋನನ್ನು ನನ್ನ ಮುಂದೆ ಹಿಡಿದು, "ಅಜ್ಜಿ, ನೀನು ಹೇಳು, ಎಷ್ಟು ಕೊಡಲಿ?" ಎಂದಳು. ನೋಡದ ಸಿನಿಮಾಕ್ಕೆ ನನ್ನ ಅಭಿಪ್ರಾಯ ಯಾಕೆ ಎಂದು ಕೇಳಿದೆ. "ನಾನೂ ಅರ್ಧ ನೋಡಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ," ಎಂದಳು.

ಅರ್ಧ ನೋಡಿ ಪೂರ್ತಿ ಅಭಿಪ್ರಾಯ ಹೇಳುವುದು ನಮ್ಮ ಮನೆತನಕ್ಕೆ ಹೊಸದಲ್ಲ. ನನಗೆ ಸಿನಿಮಾ ನೋಡಲು ಕಲಿಸಿದ್ದು ನಮ್ಮ ಸೋದರತ್ತೆ ಸಿದ್ದಮ್ಮ. ಅವಳು ಬಂದ ಸಿನಿಮಾಗಳನ್ನೆಲ್ಲ ನೋಡಿದ್ದಳು, ಆದರೆ ಒಂದನ್ನೂ ಮೊದಲಿನಿಂದ ನೋಡಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಜಗಳೂರಿನ ಊರಾಚೆ ಒಂದು ಟೆಂಟ್ ಟಾಕೀಸು ಇತ್ತು. ಅದರ ಬಾಗಿಲ ಪಕ್ಕದಲ್ಲಿ ಒಲೆ ಹೂಡಿಕೊಂಡು ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಆಟ ಶುರುವಾಗಿ ಜನ ಒಳಗೆ ಹೋದ ಮೇಲೆ ವಿರಾಮಕ್ಕೆ ಬೇಕಾದಷ್ಟು ಕರಿದಿಡಬೇಕು, ವಿರಾಮದಲ್ಲಿ ಅಷ್ಟನ್ನೂ ಮಾರಬೇಕು. ಅದಾದ ಮೇಲೆ ಕೆಂಡಕ್ಕೆ ನೀರು ಚಿಮುಕಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹೆಂಗಸರ ಕಡೆ ನೆಲದ ಮೇಲೆ ಬಂದು ಕೂತಳೆಂದರೆ 'ಶುಭಂ' ಬರುವವರೆಗೆ ಏಳುತ್ತಿರಲಿಲ್ಲ. ಟೆಂಟಿನ ಮಾಲೀಕರೂ ಅವಳ ಬಜ್ಜಿಯ ಗಿರಾಕಿಯೇ ಆಗಿದ್ದರಿಂದ ಟಿಕೆಟ್ಟಿನ ಮಾತು ಯಾವತ್ತೂ ಬರಲಿಲ್ಲ.

ಹೀಗಾಗಿ ಅತ್ತೆಯ ಸಿನಿಮಾ ಜ್ಞಾನವೆಲ್ಲ ವಿರಾಮದ ನಂತರದ್ದು. ಪ್ರೀತಿ ಹುಟ್ಟಿದ್ದನ್ನು ಅವಳು ಕಂಡವಳಲ್ಲ, ಅದು ಮುರಿದು ಕೂಡಿದ್ದನ್ನು ಮಾತ್ರ ಕಂಡವಳು. ನಾಯಕನ ತಾಯಿ ಆಗಲೇ ಹಾಸಿಗೆ ಹಿಡಿದಿರುತ್ತಿದ್ದಳು, ತಮ್ಮ ಆಗಲೇ ಕಳೆದುಹೋಗಿರುತ್ತಿದ್ದ. ಮೊದಲ ಅರ್ಧದಲ್ಲಿ ಏನಾಯಿತೆಂದು ನಾವು ಹೇಳಲು ಹೋದರೆ, "ಸುಮ್ನಿರ್ರೇ, ನಂಗೆ ಗೊತ್ತೈತೆ," ಎನ್ನುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಎಷ್ಟೋ ಸಲ ಸಿನಿಮಾ ಮಾಡಿದವರಿಗೂ ಗೊತ್ತಿರಲಾರದು.

ಅವಳಿಗೆ ಪೂರ್ತಿಯಾಗಿ ನೋಡಲು ಸಿಗುತ್ತಿದ್ದದ್ದು ಒಂದೇ, ಸರ್ಕಾರದವರು ಕಡ್ಡಾಯ ಮಾಡಿದ್ದ ಆ ಚಿಕ್ಕ ಚಿತ್ರಗಳು. ಬೇರೆ ಊರುಗಳಲ್ಲಿ ಅವನ್ನು ಆಟದ ಮೊದಲೇ ಹಾಕುತ್ತಿದ್ದರಂತೆ. ನಮ್ಮ ಟೆಂಟಿನಲ್ಲಿ ವಿರಾಮ ಮುಗಿದ ಮೇಲೆ, ಬೀಡಿಗೆ ಹೋದ ಗಂಡಸರು ಬಂದು ಸೇರುವತನಕ ಹಾಕುತ್ತಿದ್ದರು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಕೈಕುಲುಕಾಟ ಬಂದರೆ ಅತ್ತೆ ಕಾಲು ಚಾಚಿಕೊಂಡು ಆಕಳಿಸುವಳು. ಆದರೆ ಯಾವತ್ತಾದರೂ ಕೈಯಲ್ಲಿ ಬರೆದ ಬೊಂಬೆಗಳು ಓಡಾಡುವ ಚಿತ್ರ ಬಂತೋ, ಬೆನ್ನು ನೆಟ್ಟಗಾಗುತ್ತಿತ್ತು. ಪರದೆಯ ಹಿಂದೆ ಯಾರೋ ಬಹಳ ಚುರುಕಿನ ಮನುಷ್ಯ ಕೂತು ಬರೆದು ಬರೆದು ಅಳಿಸುತ್ತಾನೆಂದು ಅವಳು ನಂಬಿದ್ದಳು. ಒಮ್ಮೆ ಅವನಿಗೆಂದು ಎರಡು ಬಜ್ಜಿ ಕಟ್ಟಿಕೊಂಡು ಹಿಂದಕ್ಕೆ ಹೋಗಿ, ಅಲ್ಲಿ ಕತ್ತೆಯೊಂದೇ ಇದ್ದದ್ದನ್ನು ಕಂಡು ವಾಪಸು ಬಂದಳು. "ಇವತ್ತು ಬ್ಯಾಗ ಮನೀಗೆ ಹೋಗ್ಯಾನೆ," ಎಂದಳೇ ಹೊರತು ನಂಬಿಕೆ ಬಿಡಲಿಲ್ಲ.

ಒಂದು ಚಿತ್ರದಲ್ಲಿ ರಸ್ತೆ ನಿಯಮ ಮರೆತ ಬೊಂಬೆ ಮನುಷ್ಯನೊಬ್ಬ ರೋಡ್ ರೋಲರಿನ ಕೆಳಗೆ ಸಿಕ್ಕಿ ರೊಟ್ಟಿಯಾಗಿ, ಮರುಗಳಿಗೆ ಎದ್ದು ಟೋಪಿ ಸರಿಮಾಡಿಕೊಂಡು ಹೊರಟ. ಅತ್ತೆ ನನ್ನ ತೊಡೆ ತಟ್ಟಿ ಹೇಳಿದಳು: "ನೋಡು, ಇದನ್ನ ಬರೆದೋನು ಪುಣ್ಯಾತ್ಮ. ಯಾರನ್ನೂ ಸಾಯಾಕೆ ಬಿಡಲ್ಲ." ಇನ್ನೊಂದರಲ್ಲಿ ಎರಡೇ ಮಕ್ಕಳಿದ್ದ ಬೊಂಬೆ ಸಂಸಾರ ನಗುತ್ತ ಊಟ ಮಾಡುತ್ತಿತ್ತು. ಅತ್ತೆಗೆ ಮಕ್ಕಳಿರಲಿಲ್ಲ. "ಒಂದೂ ಹಡೀದೆ ಇರೋಳಿಗೆ ಸರ್ಕಾರದೋರು ಏನಾರ ಕೊಡಬೇಕಲ್ವೇನೇ?" ಎಂದು ಪಕ್ಕದವಳನ್ನು ಕೇಳಿ ನಕ್ಕಳು. ಆ ನಗುವಿನ ಒಳಗೇನಿತ್ತೆಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ದೆವ್ವದ ಸಿನಿಮಾ ಬಂದರಂತೂ ಅತ್ತೆಯ ಬಾಯಿ ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ. "ಹಾಳುಬಾವ್ಯಾಗೆ ಬಿದ್ದು ಸತ್ತೋಳ ಸೀರೆ ಅಷ್ಟು ಬೆಳ್ಳಗೆ ಹೆಂಗೈತೆ? ನಾನು ಸೋಪು ಹಾಕಿ ಕುಕ್ಕಿದ್ರೂ ನಂದು ಆಗಲ್ಲ." ಮೊದಲ ಅರ್ಧಕ್ಕೇ ಹೆದರಿ ಕೂತ ಟೆಂಟಿನ ಹೆಂಗಸರೆಲ್ಲ ಗೆಜ್ಜೆ ಸದ್ದಿಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡರೆ ಅವಳೊಬ್ಬಳು, "ಬಂದೀನಿ ಅಂತ ಹೇಳಾಕೆ ಗೆಜ್ಜೆ ಕಟ್ಕಂಡಾಳೆ ಪಾಪ. ಹೆದರಿಸೋರು ಹೇಳಿ ಬರ್ತಾರೇನು?" ಎನ್ನುತ್ತಿದ್ದಳು. ಅವಳ ಧೈರ್ಯದ ಗುಟ್ಟು ಸರಳವಾದದ್ದು. ಆ ಕಾಲದ ದೆವ್ವಗಳು ಹೆದರಿಸುವುದೆಲ್ಲ ವಿರಾಮಕ್ಕೆ ಮೊದಲು. ವಿರಾಮದ ನಂತರ ಅವು ತಮ್ಮ ಕಥೆ ಹೇಳಿಕೊಂಡು ಅಳುತ್ತಿದ್ದವು. ಅತ್ತೆ ಕಂಡದ್ದು ಅಳುವ ದೆವ್ವಗಳನ್ನು ಮಾತ್ರ.

ನನ್ನದು ಇದಕ್ಕೆ ತದ್ವಿರುದ್ಧ. ಮೊದಮೊದಲು ದೆವ್ವದ ಸಿನಿಮಾ ಇದ್ದ ದಿನ ನಾನು ನೆರೆಮನೆಯ ಹೆಂಗಸರ ಜೊತೆ ಮೊದಲ ಅರ್ಧ ನೋಡಿ, ವಿರಾಮದಲ್ಲಿ ಓಡಿಬಂದು ಅತ್ತೆಯ ಒಲೆಯ ಪಕ್ಕ ಕೂತರೆ ಮತ್ತೆ ಒಳಗೆ ಕಾಲಿಡುತ್ತಿರಲಿಲ್ಲ. ಆಟ ಬಿಡುವವರೆಗೆ ಅಲ್ಲೇ ಬೆಚ್ಚಗೆ ನಿದ್ದೆಹೋಗುತ್ತಿದ್ದೆ. ಎಲ್ಲ ಮಕ್ಕಳೂ ದೆವ್ವಕ್ಕೆ ಹೆದರುತ್ತಾರೆ, ಅದರಲ್ಲೇನು ಎನ್ನಬೇಡಿ. ನನ್ನ ಹೆದರಿಕೆ ಬೇರೆ ಥರದ್ದು. ನಾನು ಹೆದರುತ್ತಿದ್ದದ್ದು ನಮ್ಮ ಅವ್ವನಿಗೆ.

ನಮ್ಮ ಊರು ಬಿಳಿಚೋಡು. ನನಗೆ ಏಳು ವರ್ಷವಿದ್ದಾಗ ಅವ್ವ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಹಾಗೆ ಸತ್ತವರು ಮನೆಗೆ ಮರಳುತ್ತಾರೆಂದು ನಮ್ಮ ಕಡೆ ಒಂದು ಭಯ. ಮಣ್ಣು ಮಾಡಿ ಬರುವಾಗ ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿದರು. ಅಪ್ಪನ ತಾಯಿ, ನಮ್ಮಜ್ಜಿ, ಹೊಸ್ತಿಲಿಗೆ ಉದ್ದನೆಯ ಕಬ್ಬಿಣದ ಮೊಳೆ ಹೊಡೆಸಿದಳು. ಯಾರಿಗಾಗಿ ಈ ಮೊಳೆ ಎಂದು ಕೇಳಿದ್ದಕ್ಕೆ ಓರಗೆಯ ಹುಡುಗಿಯೊಬ್ಬಳು, "ನಿಮ್ಮವ್ವ ನಿನ್ನ ಕರಕಂಡು ಹೋಗಾಕೆ ಬರ್ತಾಳಂತೆ," ಎಂದು ಹೇಳಿದಳು. ಅಲ್ಲಿಂದ ನಾನು ಊಟ ಬಿಟ್ಟೆ, ಜ್ವರ ಹಿಡಿಯಿತು, ಹೊಸ್ತಿಲು ಕಂಡರೆ ಚೀರತೊಡಗಿದೆ. ಅತ್ತೆ ಬಂದು ನನ್ನನ್ನು ಜಗಳೂರಿಗೆ ಕರೆದುಕೊಂಡು ಹೋದಳು. ಪರದೆಯ ಮೇಲೆ ಬಿಳಿ ಸೀರೆ ಕಂಡಾಗಲೆಲ್ಲ ನಾನು ಮುಖ ನೋಡದಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನೋಡಿದರೆ ಅವ್ವನ ಮುಖವೇ ಇರುತ್ತದೆಂದು ನನ್ನ ಖಾತ್ರಿ.

ಮರುವರ್ಷ ಹಿರಿಯರ ಹಬ್ಬ ಹತ್ತಿರ ಬಂದಾಗ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ನಾನು ಟೆಂಟಿನ ಗೂಟ ಹಿಡಿದುಕೊಂಡು ಬಿಡಲಿಲ್ಲ. "ನಾನು ಬರಲ್ಲ, ಅಲ್ಲಿ ಅವ್ವ ಬರ್ತಾಳೆ," ಎಂದೆ. ಅಪ್ಪ ಮಾತು ಕಡಿಮೆಯ ಮನುಷ್ಯ. ಅತ್ತೆಯ ಮಂಡಕ್ಕಿ ಚೀಲದ ಮೇಲೆ ಕೂತ. ಆಮೇಲೆ, "ಹಂಗಾರೆ ಇವಳು ಇನ್ನ ಮನೀಗೆ ಬರೋದೇ ಇಲ್ಲೇನಕ್ಕ?" ಎಂದು ಕೇಳಿದ. ಅತ್ತೆ ಕಡಲೆಹಿಟ್ಟು ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. "ಈಗ ಮಕ್ಕಳ ಜತೆ ಜಗಳ ಬ್ಯಾಡ. ನಾಳೆ ಮಾತಾಡಾನ, ಕುಂತ್ಕ," ಎಂದಳು.

ಅವತ್ತಿನ ಆಟದಲ್ಲೂ ದೆವ್ವವೇ. ವಿರಾಮದಲ್ಲಿ ನಾನು ಎಂದಿನಂತೆ ಹೊರಗೆ ಓಡಿಬಂದೆ. ಬಜ್ಜಿ ಮುಗಿದ ಮೇಲೆ ಅತ್ತೆ ನನ್ನ ಕೈ ಹಿಡಿದು, "ಇವತ್ತು ನನ್ನ ಜತೆ ಕುಂತ್ಕ. ಹೆದ್ರಿಕೆ ಆದ್ರೆ ಇಬ್ರೂ ಎದ್ದು ಬರಾನ," ಎಂದಳು. ಮೊದಲ ಅರ್ಧದಲ್ಲಿ ತೊಟ್ಟಿಲು ತಾನಾಗಿ ತೂಗುತ್ತಿತ್ತು, ಗೋಡೆಯ ಮೇಲೆ ನೆರಳು ಬರುತ್ತಿತ್ತು, ಮನೆಯವರು ಚೀರುತ್ತಿದ್ದರು. ಈಗ ಅದೇ ಕೋಣೆಯನ್ನು ಇನ್ನೊಂದು ಕಡೆಯಿಂದ ತೋರಿಸಿದರು. ಮನೆಯವರು ಅಳುವ ಕೂಸನ್ನು ಬಿಟ್ಟು ಮಲಗಿಬಿಡುತ್ತಿದ್ದರು. ಬಾವಿಗೆ ನೂಕಿಸಿಕೊಂಡು ಸತ್ತಿದ್ದ ತಾಯಿ ಬಂದು ತೊಟ್ಟಿಲು ತೂಗಿ, ಕೂಸು ಮಲಗಿದ ಮೇಲೆ ಹೋಗುತ್ತಿದ್ದಳು. ನಾನು ಬೆರಳ ಸಂದಿಯಿಂದ ಅವಳ ಮುಖ ನೋಡಿದೆ. ಅದು ಯಾರದೋ ಮುಖ. ಅತ್ತು ಊದಿಕೊಂಡಿತ್ತು. ಕೊನೆಗೆ ಮಂತ್ರವಾದಿಯೊಬ್ಬ ಅವಳನ್ನು ಮರಕ್ಕೆ ಕಟ್ಟಲು ಬಂದಾಗ ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ನಮ್ಮತ್ತೆ ಎದ್ದು ನಿಂತು, "ಕಟ್ಟಬ್ಯಾಡ್ರೋ, ಕೂಸಿಗೆ ಹಾಲು ಯಾರು ಕೊಡ್ತೀರಿ?" ಎಂದು ಕೂಗಿದಳು. ಟೆಂಟೆಲ್ಲ ನಕ್ಕಿತು, ಅವಳು ಮಾತ್ರ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಟ ಬಿಟ್ಟ ಮೇಲೆ ಬಾಣಲೆ ಉಜ್ಜುತ್ತಿದ್ದವಳನ್ನು ನಾನು ಕೇಳಿದೆ.

"ಅತ್ತೆ, ನಮ್ಮವ್ವನೂ ಹಿಂಗೇ ಬರ್ತಾಳಾ?"

"ಬರಾಕೆ ಆಗಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ಲು. ಬಂದು ಏನ್ಮಾಡ್ತಿದ್ಲು ಅಂತ ಕೇಳು."

"ಏನ್ಮಾಡ್ತಿದ್ಲು?"

"ನಿಂಗೆ ಜಡೆ ಹಾಕ್ತಿದ್ಲು. ನಂಗೆ ನೆಟ್ಟಗೆ ಹಾಕಾಕೆ ಬರಲ್ಲ. ಉಂಡ್ಯೋ ಇಲ್ವೋ ಅಂತ ಹೊಟ್ಟೆ ಮುಟ್ಟಿ ನೋಡ್ತಿದ್ಲು. ಅಷ್ಟೇ ಕಣೆ." ಬಾಣಲೆ ಕವುಚಿಟ್ಟು ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. "ಅವಳು ಬರ್ತಾಳೆ ಅಂತ ಅಳಬ್ಯಾಡ. ಬರಾಕೆ ಆಗಲ್ಲ ಅಂತ ಅಳು."

ಅವ್ವ ಸತ್ತು ವರ್ಷವಾಗುತ್ತ ಬಂದಿತ್ತು. ಅವಳಿಗಾಗಿ ನಾನು ಅತ್ತದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ಬರೀ ಹೆದರಿದ್ದೆ. ಅಪ್ಪ ಅಷ್ಟು ದೂರದಲ್ಲಿ ಬೀಡಿ ಹಿಡಿದು ನಿಂತಿದ್ದವನು ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತ.

ಹಬ್ಬಕ್ಕೆ ನಾವು ಮೂವರೂ ಬಸ್ಸಿನಲ್ಲಿ ಬಿಳಿಚೋಡಿಗೆ ಹೋದೆವು. ಹೊಸ್ತಿಲ ಹೊರಗೆ ನಿಂತು ಅತ್ತೆ ಮೊಳೆ ಕೀಳಬೇಕೆಂದಳು. "ಬ್ಯಾಡ ಕಣೆ ಸಿದ್ದಿ, ಅವಳು ಮಗಳ ಮೇಲೆ ಪ್ರಾಣ ಇಟ್ಕಂಡಿದ್ಲು, ಬಿಟ್ಟು ಇರಾಕೆ ಆಗದೆ ಕರಕಂಡು ಹೋದ್ರೆ?" ಎಂದಳು ಅಜ್ಜಿ. ಮೊಳೆ ಹೊಡೆಸಿದ್ದೂ ನನ್ನನ್ನು ಉಳಿಸಿಕೊಳ್ಳುವುದಕ್ಕೇ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಅತ್ತೆ ಮೆಲ್ಲಗೆ ಹೇಳಿದಳು: "ಪ್ರಾಣ ಇಟ್ಕಂಡೋಳು ಮಗಳ ಪ್ರಾಣ ತೆಗೀತಾಳೇನವ್ವ?" ಅಷ್ಟರಲ್ಲೇ ಅಪ್ಪ ಇಕ್ಕಳ ತಂದು ಹೊಸ್ತಿಲ ಮುಂದೆ ಕೂತ. ಮೊಳೆ ತುಕ್ಕು ಹಿಡಿದು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಅದು ಬಂದ ಮೇಲೆ ನಾನು ಅಪ್ಪನ ಕೈ ಹಿಡಿದು ಒಳಗೆ ಹೋದೆ. ಆ ವರ್ಷ ಅವ್ವನಿಗೂ ಸೀರೆ ಇಟ್ಟು ಎಡೆ ಹಾಕಿದರು. ಹೋಳಿಗೆಯ ಪಕ್ಕದಲ್ಲಿ ಅತ್ತೆ ಮೆಣಸಿನಕಾಯಿ ಬಜ್ಜಿಯನ್ನೂ ಇಟ್ಟಾಗ ಅಜ್ಜಿ ಹುಬ್ಬು ಗಂಟಿಕ್ಕಿದಳು. "ಅವಳಿಗೆ ಇದೇ ಇಷ್ಟ ಇತ್ತು," ಎಂದಳು ಅತ್ತೆ. ಅವ್ವನಿಗೆ ಇಷ್ಟವಾದದ್ದೊಂದು ಇತ್ತು ಎಂದು ಕೇಳಿ ನನಗೆ ಆದ ಸಂತೋಷ ಇವತ್ತಿಗೂ ಹೇಳಲು ಬರುವುದಿಲ್ಲ. ವರ್ಷದಿಂದ ಮನೆಯಲ್ಲಿ ಯಾರೂ ಅವಳ ಮಾತೇ ಎತ್ತಿರಲಿಲ್ಲ.

ಎಂಬತ್ತರ ದಶಕದ ಹೊತ್ತಿಗೆ ಟೆಂಟು ಎದ್ದುಹೋಯಿತು. ನಾನು ಮದುವೆಯಾಗಿ ಹೊನ್ನಾಳಿಗೆ ಬಂದೆ. ಬಾಣಂತನಕ್ಕೆಂದು ಬಂದಿದ್ದ ಅತ್ತೆಯನ್ನು ಒಂದು ದಿನ, ಕೂಸನ್ನು ಯಜಮಾನರ ಕೈಗೆ ಕೊಟ್ಟು, ಅಲ್ಲಿನ ಥಿಯೇಟರಿಗೆ ಮ್ಯಾಟಿನಿಗೆ ಕರೆದುಕೊಂಡು ಹೋದೆ. ಗೋಡೆ ಇರುವ, ಕುರ್ಚಿ ಇರುವ ಥಿಯೇಟರು. ಜೀವನದಲ್ಲಿ ಮೊದಲ ಸಲ ಅತ್ತೆ ಟಿಕೆಟ್ಟು ಹಿಡಿದು, ಹೆಸರು ಬೀಳುವ ಮೊದಲೇ ಕೂತಳು. ಸಿನಿಮಾ ದೆವ್ವದ್ದು, ಅವಳೇ ಆರಿಸಿದ್ದು. ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಅವಳ ಉಗುರು ನನ್ನ ಮುಂಗೈಗೆ ಚುಚ್ಚುತ್ತಿತ್ತು. ಬಾಗಿಲು ಕಿರ್ರೆಂದರೆ ಬೆಚ್ಚಿದಳು, ನೆರಳು ಕಂಡರೆ ನನ್ನ ಹೆಗಲಿಗೆ ಮುಖ ಒತ್ತಿದಳು. ಊರಿಗೆಲ್ಲ ದೆವ್ವದ ನ್ಯಾಯ ಹೇಳುತ್ತಿದ್ದ ನಮ್ಮತ್ತೆ ದೆವ್ವಕ್ಕೆ ಹೆದರುವುದನ್ನು ಕಂಡು ನನಗೆ ನಗು ಬಂತು.

ವಿರಾಮಕ್ಕೆ ದೀಪ ಬಂದಾಗ ಅವಳ ಕಣ್ಣು ತುಂಬಿತ್ತು. "ಸಿನಿಮಾದಾಗೆ ಇದೂ ಇರ್ತೈತೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೆ. ಅಷ್ಟು ಸಣ್ಣೋಳು, ನೀನು ಇದನ್ನೆಲ್ಲ ಒಳಗೆ ಕುಂತು ನೋಡಿ ಬರ್ತಿದ್ಯಾ? ನಾನು ಹೊರಗೆ ಬಜ್ಜಿ ಕರೀತಾ ಕುಂತಿದ್ನಲ್ಲೇ." ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಏಳು, ಮನೀಗೆ ಹೋಗಾನ," ಎಂದಳು. ನಾನು ಅವಳ ಕೈ ಬಿಡದೆ, "ಇರು ಅತ್ತೆ. ಈಗ ಅವಳ ಕಥೆ ಬರ್ತೈತೆ," ಎಂದೆ. ಕೂತಳು. ಆಮೇಲಿನದೆಲ್ಲ ಅವಳಿಗೆ ಗೊತ್ತಿದ್ದ ರಾಜ್ಯ. ಮುಗಿಯುವ ಹೊತ್ತಿಗೆ ಸಿನಿಮಾದಲ್ಲಿ ಸೊಸೆಯನ್ನು ಕೊಂದು ದೆವ್ವ ಮಾಡಿದ್ದ ಅತ್ತೆಯನ್ನು ಬಾಯಿತುಂಬ ಬೈದು ಹಗುರಾಗಿ ಹೊರಗೆ ಬಂದಳು. ಈಗ ಅವಳಿಲ್ಲ. ಹೆತ್ತವಳನ್ನು ನನಗೆ ತಿರುಗಿ ಕೊಟ್ಟವಳು ಅವಳು. ಬದುಕಿದ್ದಾಗ ಇದನ್ನು ಅವಳಿಗೆ ಹೇಳಿದ್ದೆ, "ಸಾಕು ಸುಮ್ನಿರೆ," ಎಂದಿದ್ದಳು.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಮೊಮ್ಮಗಳು ದಿಂಬು ಬಿಟ್ಟು ನನ್ನ ಮಗ್ಗುಲಿಗೆ ಬಂದಿದ್ದಳು. "ಅಜ್ಜಿ, ನಿಮ್ಮವ್ವ ಈಗ ಬಂದ್ರೆ ನಿಂಗೆ ಹೆದರಿಕೆ ಆಗಲ್ವಾ?" ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದವಳು ತಡೆದೆ. ಇಷ್ಟು ವರ್ಷ ನಾನು ಯೋಚಿಸದೇ ಇದ್ದದ್ದೊಂದು ಹೊಳೆಯಿತು. ಅವ್ವ ಹೋದಾಗ ಅವಳಿಗೆ ಇಪ್ಪತ್ತೈದು ತುಂಬಿತ್ತೋ ಇಲ್ಲವೋ. ಈ ಹುಡುಗಿಯ ತಾಯಿ, ನನ್ನ ಮಗಳು, ಆಗಿನ ಅವ್ವನಿಗಿಂತ ದೊಡ್ಡವಳು. ಅವ್ವ ಈಗ ಬಂದರೆ ಬಾಗಿಲಲ್ಲಿ ನಿಂತು ಹುಡುಕುವುದು ಏಳು ವರ್ಷದ ಒಂದು ಹುಡುಗಿಯನ್ನು. ಕಾಣುವುದು ಮಾತ್ರ ನರೆತ ಕೂದಲು ಬಿಚ್ಚಿಕೊಂಡು, ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಏಳುವ ಮುದುಕಿ. ಹೆದರಿ ಹಿಂದೆ ಸರಿಯುವವಳು ಅವಳೇ.

ಅವಳು ತಿರುಗಿ ಹೋಗುವಷ್ಟರಲ್ಲಿ ನಾನು ಬೇಗ ಹೇಳಬೇಕು: ಹೆದರಬ್ಯಾಡವ್ವ, ನಾನೇ. ಒಳಗೆ ಬಾ.