ಗಂಧ ಮೆತ್ತಿದ ಬ್ಯಾಟರಿ

ಬ್ಯಾಟರಿ ಎಂದರೆ ನನಗೆ ಭಯ. ಅದರಿಂದಲೇ ಅನ್ನ ತಿನ್ನುವವಳು ಹೀಗೆ ಹೇಳಬಾರದು, ಆದರೂ ನಿಜ. ಸೂಲೂರಿನ ಒಂದು ಶೆಡ್ಡಿನಲ್ಲಿ ನಾನು ದೋಣಿಗಳಿಗೆ ವೈರು ಎಳೆದು ಬ್ಯಾಟರಿ ಕೂರಿಸುತ್ತೇನೆ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಒಳಗೆ ಗ್ಯಾಸ್ ಹುಟ್ಟುತ್ತದೆ. ಅದು ಹೊರಗೆ ಹೋಗಲೆಂದೇ ಪ್ರತಿ ಮುಚ್ಚಳದಲ್ಲೂ ಸಾಸಿವೆ ಕಾಳಿನಷ್ಟು ತೂತಿರುತ್ತದೆ. ಹೋಗದೆ ಒಳಗೇ ಸೇರಿಕೊಂಡರೆ ಒಂದು ಕಿಡಿ ಸಾಕು.

ಒಂದು ವರ್ಷ ಆಯುಧಪೂಜೆಗೆ ಅಮ್ಮ ಶೆಡ್ಡಿಗೆ ಬಂದಿದ್ದಳು. ಅವಳದು ತಮಿಳು ಬೆರೆತ ಮಾತು: ಮುದ್ದಿಗೆ ನನ್ನನ್ನು ‘ಕಣ್ಣು’ ಎನ್ನುತ್ತಾಳೆ, ಗಂಧಕ್ಕೆ ‘ಸಂದನಂ’ ಎನ್ನುತ್ತಾಳೆ. ನಮ್ಮ ಕಡೆ ಆ ದಿನ ಸ್ಪ್ಯಾನರ್‌ನಿಂದ ಲೇತ್‌ವರೆಗೆ ಗಂಧ ಕುಂಕುಮ ಕಾಣದ ಸಾಮಾನಿಲ್ಲ. ಹೊಸ ದೋಣಿಯ ಬ್ಯಾಟರಿಗೆ ಅಮ್ಮನೇ ಪೂಜೆ ಮಾಡಿ ಪೆಟ್ಟಿಗೆ ಮುಚ್ಚಿದಳು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಮೊದಲೇ ಸಿಕ್ಕಿಸಿದ್ದ ಚಾರ್ಜರ್ ಮಾತ್ರ ಅದರ ಪಾಡಿಗೆ ನಡೆಯುತ್ತಲೇ ಇತ್ತು.

ವಿಜಯದಶಮಿಯ ಬೆಳಿಗ್ಗೆ ಉಡುಮಲೈ ಆಚೆಯ ಜಲಾಶಯದಲ್ಲಿ ದೋಣಿಯ ಮೊದಲ ಸುತ್ತು. ಚಾರ್ಜರ್ ಕಿತ್ತು, ಪೆಟ್ಟಿಗೆ ತೆರೆಯದೆಯೇ ದೋಣಿಯನ್ನು ಅಲ್ಲಿಗೆ ಸಾಗಿಸಿದ್ದೆವು. ತಾನೂ ಬರುತ್ತೇನೆಂದು ಅಮ್ಮ ಹಠ ಹಿಡಿದಳು. ಜೊತೆಗೆ ಬಂದಿದ್ದ ಅಪ್ಪ ದಡದಲ್ಲೇ ಉಳಿದ. ದೋಣಿಯಲ್ಲಿ ಬೇರೆಲ್ಲೂ ಜಾಗ ಇಲ್ಲವೇನೋ ಎಂಬಂತೆ ಅವಳು ಬ್ಯಾಟರಿ ಪೆಟ್ಟಿಗೆಯ ಮೇಲೇ ಕೂತಳು.

ನಡುನೀರಿಗೆ ಬಂದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅತಿಯಾಗಿ ಚಾರ್ಜ್ ಆಗಿ ಕೆಟ್ಟ ಬ್ಯಾಟರಿಯ ವಾಸನೆ ಅದು.

ಆ ನೀರಿನಲ್ಲಿ ಮೊಸಳೆಗಳಿವೆ. ನನಗೂ ಅಮ್ಮನಿಗೂ ಈಜು ಬಾರದು. ಆದರೆ ನಾನು ಹೆದರಿದ್ದು ಅಮ್ಮ ಕೂತಿದ್ದ ಜಾಗ ನೋಡಿ.

“ಅಮ್ಮಾ, ಮೆಲ್ಲಗೆ ಎದ್ದು ಮುಂದೆ ಬಾ.”

“ಏನ್ ಕಣ್ಣು, ಈಗ ತಾನೇ ಕೂತೆ.”

“ಬಾ ಅಂದ್ರೆ ಬಾ!”

ಮೋಟಾರಿನ ಹಿಡಿಯನ್ನು ನಿಧಾನಕ್ಕೆ ಸೊನ್ನೆಗೆ ತಂದೆ. ಮೇನ್ ಸ್ವಿಚ್ ಮುಟ್ಟಲಿಲ್ಲ, ಅದರಲ್ಲಿ ಕಿಡಿ ಹಾರಬಹುದು. ಉಸಿರು ಬಿಗಿಹಿಡಿದು ಪೆಟ್ಟಿಗೆ ತೆರೆದೆ. ಬ್ಯಾಟರಿಯ ಪಕ್ಕಗಳು ಉಬ್ಬಿದ್ದವು. ಪ್ರತಿ ತೂತಿನ ಮೇಲೂ ಗಂಧ ದಪ್ಪಗೆ ಒಣಗಿ ಕೂತಿತ್ತು, ನಡುವೆ ಅಚ್ಚುಕಟ್ಟಾಗಿ ಕುಂಕುಮದ ಬೊಟ್ಟು.

“ಅಮ್ಮಾ, ಇವು ಗಾಳಿ ಹೋಗೋ ತೂತು” ಎಂದೆ.

“ಅಯ್ಯಯ್ಯೋ, ನಾನೇ ಮುಚ್ಚಿಬಿಟ್ನಾ!” ಎನ್ನುತ್ತ ಅಮ್ಮ ತುರುಬಿನಿಂದ ಹೇರ್‌ಪಿನ್ ಕಿತ್ತು ತೂತಿನತ್ತ ಬಾಗಿದಳು. ಕಬ್ಬಿಣದ ಪಿನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಬಿದ್ದು ಕಿಡಿ ಹಾರಿದರೆ ಮುಗಿಯಿತು. ಹೇಳುವಷ್ಟು ಹೊತ್ತಿರಲಿಲ್ಲ. ಅವಳ ಮಣಿಕಟ್ಟನ್ನು ಬಲವಾಗಿ ಹಿಡಿದೆ. ಗಾಜಿನ ಬಳೆಗಳು ಪಟಪಟನೆ ಒಡೆದವು. ಪಿನ್ನು ದೋಣಿಯ ತಳಕ್ಕೆ ಬಿತ್ತು.

ಪೆಟ್ಟಿಗೆಯ ಹೂವಿನಲ್ಲಿ ಉರಿದುಳಿದ ಊದುಬತ್ತಿಯ ಕಡ್ಡಿ ಸಿಕ್ಕಿತು. ಮುಖ ಆಚೆ ತಿರುಗಿಸಿ, ಅದರಿಂದಲೇ ಗಂಧ ಕೆದಕಿದೆ. ಸುಸ್ಸೆಂದು ಗ್ಯಾಸ್ ಹೊರಬಿತ್ತು. ಒಂದಾದ ಮೇಲೊಂದು ಎಲ್ಲ ತೂತುಗಳೂ ಬಿಟ್ಟುಕೊಂಡವು. ಆಮೇಲೆ ಮಾಡಲು ಏನೂ ಇರಲಿಲ್ಲ, ಗಾಳಿ ವಾಸನೆಯನ್ನು ಒಯ್ಯಲೆಂದು ಕಾಯಬೇಕಿತ್ತು. ಅದೇ ಎಲ್ಲಕ್ಕಿಂತ ಭಯಂಕರ. ಮೊಸಳೆಗಳು ಬಿಸಿಲು ಕಾಯುವ ಬಂಡೆಗಳ ಕಡೆಗೇ ದೋಣಿ ತೇಲುತ್ತಿತ್ತು. ಅಮ್ಮ ದೇವರ ಹೆಸರು ಹೇಳುತ್ತಿದ್ದಳು.

ವಾಸನೆ ಪೂರ್ತಿ ಹೋದ ಮೇಲೆ ಸ್ವಿಚ್ ಆರಿಸಿ, ಹುಟ್ಟು ಹಾಕಿ ದಡ ಸೇರಿದೆ. ಬಳೆ ಚುಚ್ಚಿ ರಕ್ತ ಬಂದಿದ್ದ ಕೈಯನ್ನು ಅಮ್ಮ ಅಪ್ಪನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಬಸ್ಸಿನಲ್ಲಿ ಅರ್ಧ ದಾರಿಗೆ ಅವಳು ಸೆರಗು ಸರಿಸಿ ಗಾಯ ನೋಡಿಕೊಂಡಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು:

“ನೀನು ದಿನಾ ಅದ್ರ ಪಕ್ಕಾನೇ ಇರ್ತೀಯಲ್ಲ ಕಣ್ಣು. ಅದಕ್ಕೇ ಸಂದನಂ ಜಾಸ್ತಿ ಇಟ್ಟೆ.”