ವಾಸಂತಿಯವರು ಹೊಲಿದ ಹಿಂದಿನ ಸೀಟು

ದೆಹಲಿಯ ಜನಕಪುರಿ ಮಾರ್ಕೆಟ್ಟಿನಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ವಾಸಂತಿಯವರನ್ನು ಮೊದಲ ಸಲ ಕಂಡ ದಿನ, "ಯಜಮಾನರನ್ನ ಕರೀರಿ" ಎಂದು ಗದರಿದ್ದೆ. ಮೂವತ್ತು ವರ್ಷ ಸೈನ್ಯದಲ್ಲಿ ಗದರಿ ಬಂದ ಬಾಯಿ ನನ್ನದು, ಸುಮ್ಮನಿರುವುದಿಲ್ಲ.

"ಅವರು ಹೋಗಿ ನಾಲ್ಕು ವರ್ಷ ಆಯ್ತು ಸರ್," ಎಂದರು. "ಗಿರಾಕಿ ಹತ್ರ ಮಾತಾಡ್ತಿದ್ದದ್ದು ಅವರು. ಹೊಲಿಗೆ ಆಗಲೂ ನಂದೇ."

ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಆಕೆ ಕಾಲೊನಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರಂತೆ. ಗಂಡ ಗೋಪಿನಾಥರ ಈ ಅಂಗಡಿಯಲ್ಲಿ ಒಂದು ದಿನ ಕೆಲಸದವನು ಕೈಕೊಟ್ಟಾಗ ರೆಕ್ಸಿನ್ ಹಿಡಿದವರು ಅಲ್ಲೇ ಉಳಿದರು.

ನನ್ನದು ಐವತ್ತಾರನೇ ಇಸವಿಯ ಆಸ್ಟಿನ್ ಪ್ರಿನ್ಸೆಸ್. ಇಂಗ್ಲೆಂಡಿನ ಮೇಯರುಗಳು ಓಡಾಡುತ್ತಿದ್ದಂಥ ಲಿಮೋಸಿನ್. ನಿವೃತ್ತಿಯ ಮೇಲೆ ಹುಚ್ಚಿಗೆ ಬಿದ್ದು ಕೊಂಡದ್ದು; ಗುರುಗ್ರಾಮದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಕಾರಿನ ಜಾಗ ನುಂಗಿ ನಿಂತಿತ್ತು. ಹೆಂಡತಿ ಬೊಳ್ಳಮ್ಮನಿಗೆ ಸೊಂಟದ ಆಪರೇಷನ್ ಆದ ಮೇಲೆ ಅದಕ್ಕೊಂದು ಉಪಯೋಗ ಹೊಳೆಯಿತು. ಈಗಿನ ಕಾರುಗಳಲ್ಲಿ ಅವಳಿಗೆ ಬಗ್ಗಿ ಕೂರಲು ಆಗುವುದಿಲ್ಲ. ಎಂಟು ತಿಂಗಳಿಂದ ಆಸ್ಪತ್ರೆ ಬಿಟ್ಟರೆ ಮನೆ. ಪ್ರಿನ್ಸೆಸ್ಸಿನ ಬಾಗಿಲೂ ಎತ್ತರ, ಸೀಟೂ ಎತ್ತರ. ದೆಹಲಿಯ ಕೊಡವರೆಲ್ಲ ಸೇರುವ ಸುಗ್ಗಿ ಹಬ್ಬ ಪುತ್ತರಿಯ ಊಟಕ್ಕೆ ಅವಳನ್ನು ಕರೆದೊಯ್ಯಲೇಬೇಕೆಂದು ಹಟ ಹಿಡಿದಿದ್ದೆ. ಹರಿದ ಹಿಂದಿನ ಸೀಟಿಗೆ ಒಳ್ಳೆಯ ಚರ್ಮ ಹೊದಿಸಿ ಎಂದೆ.

ಸೀಟು ಬಿಚ್ಚಿದ ವಾಸಂತಿ ಫೋನ್ ಮಾಡಿದರು. "ಪೊನ್ನಣ್ಣ ಸರ್, ಕಂಪನಿಯವರು ಚರ್ಮ ಹಾಕಿರೋದು ಡ್ರೈವರ್ ಸೀಟಿಗೆ. ಅವನು ಮಳೇಲಿ ಇಳಿದು ಹತ್ತಿ ಮಾಡ್ತಾನಲ್ಲ, ಒರೆಸೋಕೆ ಸುಲಭ. ಹಿಂದಿನ ಸೀಟಲ್ಲಿ ಮೊಳೆ ಕೆಳಗೆ ಕಂಪನಿಯವರೇ ಹಾಕಿದ್ದ ಉಣ್ಣೆ ಬಟ್ಟೆ ಚೂರು ಸಿಕ್ತು."

"ಯಜಮಾನನಿಗೆ ಬಟ್ಟೆ, ಡ್ರೈವರಿಗೆ ಚರ್ಮವಾ? ಹೇಳಿದಷ್ಟು ಮಾಡಿ."

"ಅಚ್ಛಾ. ಹಿಂದೆ ಯಾರು ಕೂರ್ತಾರೆ ಸರ್?"

ಹೇಳಿದೆ. ಮರುದಿನ ಮೆಟ್ರೋ ಹಿಡಿದು ಮನೆಗೇ ಬಂದರು. ಚೀಲದಲ್ಲಿ ಚರ್ಮದ ತುಂಡೊಂದು, ಉಣ್ಣೆಯ ತುಂಡೊಂದು. ತೊಡುವವರನ್ನು ನೋಡದೆ ಕತ್ತರಿ ಹಿಡಿಯದಿರುವುದು ರವಿಕೆಯ ಕಾಲದ ಅಭ್ಯಾಸವಂತೆ. ಊಟದ ಕುರ್ಚಿಗೆ ಚರ್ಮ ಹಾಸಿ ಬೊಳ್ಳಮ್ಮನನ್ನು ಕೂರಿಸಿ, ಕಾರು ಬ್ರೇಕ್ ಹಾಕಿದ ಹಾಗೆ ಕುರ್ಚಿಯನ್ನು ತುಸು ಮುಂದಕ್ಕೆ ವಾಲಿಸಿದರು. ಬೊಳ್ಳಮ್ಮ ಸರ್ರನೆ ಜಾರಿ ನನ್ನ ತೋಳು ಹಿಡಿದಳು. ಉಣ್ಣೆಯ ಮೇಲೆ ಕೂತಾಗ ಜಾರಲಿಲ್ಲ.

"ಒಳಗೆ ಗಟ್ಟಿ ಸ್ಪಂಜು ಹಾಕ್ತೀನಿ ಅಕ್ಕ," ಎಂದರು ವಾಸಂತಿ. "ಕುಸಿಯಲ್ಲ, ಏಳೋಕೆ ಸುಲಭ ಆಗುತ್ತೆ."

ನನಗೆ ನಾಚಿಕೆಯಾಯಿತು. ಚರ್ಮ ಹೊದಿಸಿ ಎನ್ನುವಾಗ ನಾನು ನೋಡಿದ್ದು ಕಾರನ್ನು ಮಾತ್ರ. ಉಣ್ಣೆಯೇ ಹಾಕಿ ಎಂದೆ.

ಪುತ್ತರಿಯ ದಿನ ಊಟದ ಹಾಲ್ ಮುಂದೆ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಕೈ ಚಾಚಿದೆ. ಬೊಳ್ಳಮ್ಮ ಕೈ ಸರಿಸಿ ತಾನೇ ಎದ್ದು ಇಳಿದಳು, ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಅಲ್ಲೇ ನಿಂತು ವಾಸಂತಿಯವರಿಗೆ ಫೋನ್ ಮಾಡಿದೆ.

"ಅಕ್ಕ ಎದ್ರಾ ಸರ್?" ಎಂದು ಅವರೇ ಕೇಳಿದರು.

"ಎದ್ಲು ತಾಯಿ. ನನ್ನ ಬಿಟ್ಟು ಮುಂದೆ ಹೋದ್ಲು."